ಹನ್ನೊಂದನೇ ಸುತ್ತಿನವರೆಗೆ

ಟ್ರಾಂಟರ್ ಬಾಕ್ಸಿಂಗ್ ಡೇರೆ, ನೀತ್
೯ ಏಪ್ರಿಲ್ ೧೯೩೪

ಅಡುಗೆಮನೆಯ ಒಲೆಯ ಬಲಗಡೆಯ ಕುರ್ಚಿಯ ಏಕಚಕ್ರಾಧಿಪತಿಗಳೂ, ಸಮಸ್ತ ಪಾರಿವಾಳಗಳ ಪರಿಪಾಲಕರೂ, ಮೌನಧುರಂಧರರೂ ಆದ ನನ್ನ ತಂದೆ ಇದ್ರಿಸ್ ಬೇನನ್ ಅವರ ಸಮ್ಮುಖಕ್ಕೆ ಏಕಮಾತ್ರ ಪುತ್ರ ಎಮ್ಲಿನ್ ನಡುಬಗ್ಗಿಸಿ ಮಾಡುವ ಅರಿಕೆ.

ನಾನು ಸತ್ತಿಲ್ಲ. ಒಲ್ವೆನ್ ಅತ್ತೆ ಕಾಗದ ಒಡೆದ ಕೂಡಲೆ ಹುಡುಕುವುದು ಇದನ್ನೇ, ಅದಕ್ಕೆ ಮೊದಲು ಬರೆದೆ. ಮೂಗು ಇದ್ದಲ್ಲೇ ಇದೆ, ಮುಖ ಮಾಡಿರುವ ದಿಕ್ಕು ಮಾತ್ರ ಸ್ವಲ್ಪ ಬೇರೆ.

ಹೆರೆಫರ್ಡ್ ಕಡೆ ಸೇಬಿನ ತೋಟದ ಕೆಲಸ ಅಂತ ಹೇಳಿ ಹೊರಟೆನಲ್ಲ, ಆ ತೋಟ ಇನ್ನೂ ಸಿಕ್ಕಿಲ್ಲ. ಹುಡುಕುತ್ತ ದಾರಿ ತಪ್ಪಿ ಒಂದು ಬಾಕ್ಸಿಂಗ್ ಡೇರೆಯೊಳಕ್ಕೆ ಬಿದ್ದೆ. ಬಿದ್ದವನು ಎದ್ದು ಮೂರು ಸುತ್ತು ನಿಂತೆ. ಡೇರೆಯ ಒಡತಿ ಟ್ರಾಂಟರಮ್ಮ ನನ್ನ ಭುಜ ಹಿಸುಕಿ ನೋಡಿ, "ಮೈ ಕುದುರೇದು, ಬುದ್ಧಿ ಕತ್ತೇದು. ಇರ್ಲಿ, ಒಳಗ್ ಬಾ" ಅಂದರು. ಗಣಿ ಮುಚ್ಚಿದಾಗಿನಿಂದ ಬೀದಿ ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತು ಕಾಲಕ್ಷೇಪ ಮಾಡುತ್ತಿದ್ದವನಿಗೆ ಇದಕ್ಕಿಂತ ದೊಡ್ಡ ಸನ್ಮಾನ ಉಂಟೆ?

ನಮ್ಮ ಮನೆಯಲ್ಲಿ ಬಾಕ್ಸಿಂಗ್ ಎಂಬ ಪದ ಬಾಯಿಗೆ ಬರುವಂತಿಲ್ಲ ಎಂದು ಬಲ್ಲೆ. ಪಕ್ಕದ ಮನೆಯವರು ಬಾಕ್ಸರ್ ಡ್ರಿಸ್ಕಾಲ್ ಹೆಸರೆತ್ತಿದರೂ ನೀನು ಪಾರಿವಾಳದ ಗೂಡಿಗೆ ಎದ್ದು ಹೋಗುತ್ತಿದ್ದೆ. ಅಪ್ಪಾ, ಇಡೀ ವೇಲ್ಸ್‌ನಲ್ಲಿ ಬಾಕ್ಸಿಂಗ್ ಇಷ್ಟಪಡದ ಗಂಡಸರು ಇಬ್ಬರೇ: ನೀನು, ಮತ್ತು ಎರಡೂ ಕಣ್ಣು ಕಾಣದ ನಮ್ಮ ಚಾಪೆಲ್ಲಿನ ಹಿರಿಯ ಪೊವೆಲ್ಲರು.

ಡೇರೆಯ ಮುಂಭಾಗದ ಹಲಗೆಗಳ ಮೇಲೆ ನಮ್ಮ ದೇವಾನುದೇವತೆಗಳೆಲ್ಲ ಸಾಲಾಗಿ ನಿಂತಿದ್ದಾರೆ. ಎಡತುದಿಗೆ ಮೆಂಡೋಜಾ, ದಢೂತಿಗಳ ನಡುವೆ ತಲೆ ಓಡಿಸಿ ಹೊಡೆದಾಡುವುದನ್ನು ತೋರಿಸಿಕೊಟ್ಟ ಲಂಡನ್ನಿನ ಯೆಹೂದಿ. ಪಕ್ಕದಲ್ಲಿ ಬರಿಗೈ ಕಾಲದ ಬೆಟ್ಟ, ಟಾಮ್ ಕ್ರಿಬ್. ಆಮೇಲೆ ನಮ್ಮವರು: ಕಾರ್ಡಿಫ್‌ನ ಡ್ರಿಸ್ಕಾಲ್, ಪಾಂಟಿಪ್ರಿದ್‌ನ ಫ್ರೆಡ್ಡಿ ವೆಲ್ಷ್, "ಕೈಯಲ್ಲಿ ಸುತ್ತಿಗೆ ಹಿಡಿದ ಭೂತ" ಎಂದು ಹೆಸರಾದ ಕಡ್ಡಿಮೈಯ ಜಿಮ್ಮಿ ವೈಲ್ಡ್. ಚಳಿಗಾಲದ ಮಳೆಗೆ ಎಲ್ಲರ ಮುಖವೂ ಸುಲಿದುಹೋಗಿತ್ತು. ಜೀರ್ಣೋದ್ಧಾರದ ಪುಣ್ಯ ನನಗೆ ಬಂತು. ಕ್ರಿಬ್‌ಗೆ ಪೊವೆಲ್ಲರ ಮೂಗು ಕೊಟ್ಟಿದ್ದೇನೆ. ಇಬ್ಬರಿಗೂ ಒಪ್ಪುತ್ತದೆ.

ಬಲತುದಿಯಲ್ಲಿ ಇನ್ನೆರಡು ಹಲಗೆಗಳಿವೆ. ಒಂದರಲ್ಲಿ ಗ್ವಿಲಿಮ್ ಪ್ರೋಸರ್. ಇನ್ನೊಂದರಲ್ಲಿ ಮುಖವೇ ಇಲ್ಲ, ಯಾರೋ ಉಳಿಯಿಂದ ಕೆರೆದಿದ್ದಾರೆ. ಅದು ಯಂಗ್ ಟ್ರೆಹಾರ್ನ್. ಈ ಕಣಿವೆಗಳಲ್ಲಿ ಹುಟ್ಟಿದ ಪ್ರತಿ ಹುಡುಗನಿಗೂ ಆ ಕಥೆ ಗೊತ್ತು. ಇಬ್ಬರೂ ಇದೇ ಡೇರೆಯ ಜೀವದ ಗೆಳೆಯರು. ೧೯೧೩ರಲ್ಲಿ ಕಾರ್ಡಿಫ್‌ನ ಒಂದು ಹಾಲ್‌ನಲ್ಲಿ ಎದುರುಬದುರಾದರು. ಹನ್ನೆರಡನೇ ಸುತ್ತಿನಲ್ಲಿ ಪ್ರೋಸರ್ ಬಿದ್ದ, ಮತ್ತೆ ಏಳಲಿಲ್ಲ. ಟ್ರೆಹಾರ್ನ್ ಗ್ಲೌಸ್ ಬಿಚ್ಚಿಟ್ಟು ಹೊರಗೆ ನಡೆದವನು ಯಾರ ಕಣ್ಣಿಗೂ ಬಿದ್ದಿಲ್ಲ. ಹಡಗಿನಿಂದ ನೀರಿಗೆ ಹಾರಿದ ಅನ್ನುತ್ತಾರೆ, ಅಮೆರಿಕದಲ್ಲಿ ಹೆಂಡದಂಗಡಿ ಇಟ್ಟಿದ್ದಾನೆ ಅನ್ನುತ್ತಾರೆ. ನನ್ನ ಘನವಾದ ಅಭಿಪ್ರಾಯದಲ್ಲಿ ಅವನು ಎಲ್ಲೋ ಹೊಟ್ಟೆ ಬೆಳೆಸಿಕೊಂಡು ಹಾಯಾಗಿದ್ದಾನೆ.

ಇನ್ನು ಸಮಾಚಾರದ ತಿರುಳು. ಡೇರೆಯಲ್ಲಿ ಯಾರೂ ಯಾರ ನಿಜವಾದ ಹೆಸರನ್ನೂ ಕೇಳುವುದಿಲ್ಲ. ಹಳೆಯ ಹುಲಿಯ ಹೆಸರಿನ ಮುಂದೆ "ಯಂಗ್" ಅಂತ ಸೇರಿಸಿಕೊಂಡರೆ ಹೊಸ ಹುಲಿ ಸಿದ್ಧ. ನಾನು ಪ್ರೋಸರನ ಹೆಸರನ್ನು ಆರಿಸಿಕೊಂಡೆ. ಈಗ ನಾನು ಯಂಗ್ ಪ್ರೋಸರ್! ಒಂದೇ ಒಂದು ಶಾಸ್ತ್ರ ಬಾಕಿ. ಡೇರೆ ಆ ಹಳಬನ ಊರಿಗೆ ಹೋದಾಗ ಹೆಸರು ಹೊತ್ತವನು ಅವನ ಮನೆಬಾಗಿಲು ತಟ್ಟಬೇಕು. ಮನೆಯವರು ಒಳಗೆ ಕರೆದು ಅವನ ಕೈಗೆ ಗ್ಲೌಸ್‌ನ ಒಳಗೆ ಕಟ್ಟುವ ಬಟ್ಟೆಪಟ್ಟಿ ಸುತ್ತಿದರೆ ಹೆಸರು ಅವನದು. ಬಾಗಿಲು ತೆರೆಯದಿದ್ದರೆ ಅಲ್ಲಿಗೆ ಬಿಡಬೇಕು. ಆಗಸ್ಟ್‌ನಲ್ಲಿ ನಮ್ಮ ಡೇರೆ ಕ್ವಮ್ ಐರಿನ್‌ಗೆ ಹೋಗುತ್ತದೆ. ಪ್ರೋಸರನ ತಾಯಿ ಇನ್ನೂ ಇದ್ದಾರಂತೆ. ಆಕೆ ಪಟ್ಟಿ ಸುತ್ತಿದರೆ ಸೆಪ್ಟೆಂಬರಿನಲ್ಲಿ ಕಾರ್ಡಿಫ್‌ನಲ್ಲಿ ದೊಡ್ಡ ಪಂದ್ಯ ಕೊಡಿಸುತ್ತೇನೆ ಎಂದು ಪಂದ್ಯಗಳನ್ನು ಏರ್ಪಡಿಸುವ ಒಬ್ಬ ಕರಾರುದಾರ ಮಾತು ಕೊಟ್ಟಿದ್ದಾನೆ. ಬೀದಿಮೂಲೆಗೆ ಹಿಂದಿರುಗಬೇಕೋ ಬೇಡವೋ ಎನ್ನುವುದು ಆ ಮುದುಕಿಯ ಕೈಯಲ್ಲಿದೆ.

ಆಶೀರ್ವಾದವನ್ನು ಮರುಟಪಾಲಿನಲ್ಲಿ ಕಳಿಸುವುದು. ಜೊತೆಗೆ ಅತ್ತೆ ಒಂದು ಜೊತೆ ಕಾಲುಚೀಲ ಇಟ್ಟರೆ ಆಶೀರ್ವಾದ ಇನ್ನೂ ಬೆಚ್ಚಗಿರುತ್ತದೆ.

ನಿನ್ನ ಸುಳ್ಳ,
ಎಮ್ಲಿನ್


೧೬ ಏಪ್ರಿಲ್

ಎಮ್ಲಿನ್,

ಕಾಗದ ಬಂತು. ಸುಳ್ಳು ಹೇಳಿ ಹೋದದ್ದಕ್ಕೆ ಬೇಸರವಾಯಿತು. ಅದು ಹಾಗಿರಲಿ.

ಕಂದು ಪಾರಿವಾಳ ಮೊಟ್ಟೆ ಇಟ್ಟಿದೆ. ಹಿತ್ತಲ ಗೋಡೆ ಕುಸಿದಿತ್ತು, ಕಟ್ಟಿದೆ.

ಆ ಹೆಸರು ಬಿಡು. ಹೆಸರುಗಳಿಗೇನು ಬರಗಾಲವಿಲ್ಲ. ಬೇರೆ ಇಟ್ಟುಕೊ.

ಎಡಗೈ ಕೆಳಕ್ಕೆ ಇಳಿಯಲು ಬಿಡಬೇಡ.

ನಿನ್ನ ಅಪ್ಪ,
ಇದ್ರಿಸ್

(ಕಾಲುಚೀಲ ಇಟ್ಟಿದ್ದೀನಿ ಕಣೋ. ಎಡಗೈ ಅಂತ ಬರೆದಿರೋ ಸಾಲನ್ನ ಹೊಡೆದುಹಾಕಿ, ಆಮೇಲೆ ಹೊಸ ಹಾಳೇಲಿ ಆ ಸಾಲೂ ಸೇರಿಸಿ ಎಲ್ಲಾ ಮೊದಲಿಂದ ಬರೆದ ನಿಮ್ಮಪ್ಪ. ಯಾಕೆ ಅಂತ ಕೇಳಿದ್ರೆ ಗೂಡಿಗೆ ಹೋಗಿ ಕೂತ. ಒಲ್ವೆನ್ ಅತ್ತೆ.)


ಬ್ರೆಕನ್
೨೧ ಮೇ

ಹೆಸರುಗಳ ಬರಗಾಲವಿಲ್ಲವೆಂದು ಸಾರಿದ ಮಹಾನುಭಾವರಿಗೆ,

ಅಪ್ಪಣೆ ತಲುಪಿತು. ಭಕ್ತಿಯಿಂದ ಕಣ್ಣಿಗೊತ್ತಿಕೊಂಡೆ. ಪಾಲಿಸಲಿಲ್ಲ.

ಬಿಡಲು ಹೇಗೆ ಸಾಧ್ಯ? ಈ ಹೆಸರು ಜನರನ್ನು ಹಿಡಿದು ಅಲ್ಲಾಡಿಸುತ್ತಿದೆ. ನಡೆದದ್ದನ್ನು ಕೇಳು. ಪ್ರೋಸರನ ಹೆಸರಿಟ್ಟುಕೊಂಡ ಮೇಲೆ ಪ್ರೋಸರನ ಪ್ರೇತವೇ ಆಗಿಬಿಟ್ಟರೆ ಹೇಗೆ ಎಂದು ನನಗೆ ಅನಿಸಿತು. ಟ್ರಾಂಟರಮ್ಮನ ಹಿಟ್ಟಿನ ಡಬ್ಬಿಗೆ ಕೈ ಹಾಕಿ ಮುಖಕ್ಕೆಲ್ಲ ಬಳಿದುಕೊಂಡೆ. ಡೇರೆಯ ಮುಂದಿನ ಅಟ್ಟಣಿಗೆ ಮೇಲೆ ಉಳಿದವರೆಲ್ಲ ಎದೆಯುಬ್ಬಿಸಿ ನಿಂತಿದ್ದರೆ, ನಾನು ತಲೆ ತಗ್ಗಿಸಿ, ಕಣ್ಣು ಮಿಟುಕಿಸದೆ, ಈಗಷ್ಟೇ ಸಮಾಧಿಯಿಂದ ಎದ್ದು ಬಂದವನ ಹಾಗೆ ನಿಂತೆ. ಕೂಗುವವನು, "ಬನ್ನಿ ಸ್ವಾಮೀ ಬನ್ನಿ! ಇವನ ಮುಂದೆ ಮೂರು ಸುತ್ತು ನಿಲ್ಲೋ ಗಂಡಸು ಈ ಊರಲ್ಲಿ ಯಾರಾದ್ರೂ ಇದ್ದೀರಾ, ಇಲ್ಲಾ ಎಲ್ಲಾ ಕುರೀನೇನಾ?" ಎಂದು ಅರಚುತ್ತಿದ್ದ. ಮುಂದಿನ ಸಾಲಿನಲ್ಲಿದ್ದ ಒಬ್ಬ ಕಟುಕ, "ಮೊದ್ಲು ಮುಖ ತೊಳ್ಕೊಂಡು ಬರಕ್ಕೇಳ್ರಯ್ಯಾ, ರೊಟ್ಟಿ ಬೇಯಿಸೋಕ್ ಹೊರಟವನ ಥರ ಇದಾನೆ" ಅಂದ. ಎಲ್ಲರೂ ನಕ್ಕರು. ನನಗೂ ನಗು ಬಂತು, ಆದರೆ ಪ್ರೇತಗಳು ನಗುವಂತಿಲ್ಲ.

ಆಗ ಒಂದು ಉಪಾಯ ಹೊಳೆಯಿತು. ಪ್ರೋಸರನಿಗೆ ಏನಾದರೂ ಒಂದು ಚಾಳಿ ಇದ್ದಿರಲೇಬೇಕಲ್ಲ? ನನಗೆ ಗೊತ್ತಿಲ್ಲದ್ದರಿಂದ ಅಲ್ಲೇ ಒಂದನ್ನು ಹುಟ್ಟಿಸಿದೆ. ಎಡಗೈ ಗ್ಲೌಸ್‌ನಿಂದ ಹಣೆಯನ್ನು ಎರಡು ಸಲ ಮೆಲ್ಲಗೆ ತಟ್ಟಿಕೊಂಡೆ, ಒಳಗೆ ಯಾರಾದರೂ ಇದ್ದೀರಾ ಎಂದು ಬಾಗಿಲು ತಟ್ಟಿ ಕೇಳುವ ಹಾಗೆ.

ನಗು ನಿಂತುಹೋಯಿತು. ಹುಡುಗರು ನಗುತ್ತಲೇ ಇದ್ದರು, ನಿಂತದ್ದು ಮುದುಕರದು. ಹಿಂದಿನ ಸಾಲಿನಲ್ಲಿ ನಾಲ್ಕಾರು ಜನ ಟೋಪಿ ತೆಗೆದರು. ಒಬ್ಬ "ದೇವರೇ" ಅಂದದ್ದು ಅಟ್ಟಣಿಗೆವರೆಗೂ ಕೇಳಿಸಿತು. ಟ್ರಾಂಟರಮ್ಮ ನನ್ನನ್ನು ಹಿಂದಕ್ಕೆ ಕರೆದು, "ಅದನ್ನ ಎಲ್ಲಿ ಕಲಿತೆ?" ಅಂದರು. "ಹುಟ್ಟಾ ಪ್ರತಿಭೆ" ಅಂದೆ. ಅವರು ನಗಲಿಲ್ಲ.

ಅಂದಿನಿಂದ ಪ್ರತಿ ಊರಲ್ಲೂ ಹೀಗೆಯೇ. ನನ್ನ ಸುಳ್ಳು ಎಷ್ಟು ಚೆನ್ನಾಗಿದೆಯೆಂದರೆ ಸತ್ಯ ನಾಚಿಕೊಂಡು ಮೂಲೆಗೆ ಸೇರಿದೆ. ಒಬ್ಬ ಮಾತ್ರ ಸರಿಯಾಗಿ ಮೋಸಹೋಗಲಿಲ್ಲ. ಏಟು ತಿಂದು ತಿಂದು ಬುದ್ಧಿ ಮಂಕಾದ ಹಳೆಯ ಬಾಕ್ಸರ್ ಅವನು, ಕೈ ನಡುಗುತ್ತದೆ. ಅವನು ಹಗ್ಗ ಹಿಡಿದು ಮೇಲೆ ಬಂದು ನನ್ನ ಮುಖದ ಹಿಟ್ಟನ್ನು ಬೆರಳಿಂದ ಒರೆಸಿ, "ಟ್ರೆಹಾರ್ನ್, ಇಷ್ಟ್ ದಿನ ಎಲ್ಲೋಗಿದ್ಯೋ?" ಎಂದು ಕೇಳಿದ. "ಅಯ್ಯಾ, ನಾನು ಪ್ರೋಸರ್ ಭೂತ. ಟ್ರೆಹಾರ್ನ್ ಭೂತ ಬೇಕಿದ್ರೆ ಮುಂದಿನ ಡೇರೇಲಿ ವಿಚಾರಿಸು" ಅಂದೆ. ಅವನು ಅಳತೊಡಗಿದ. ಅವನನ್ನು ಹೊರಗೆ ಕರೆದೊಯ್ದರು.

ಒಂದೇ ಒಂದು ವಿಚಿತ್ರ. ಹಣೆ ತಟ್ಟಿಕೊಳ್ಳುವುದನ್ನು ಈಗ ನಿಲ್ಲಿಸಲು ಆಗುತ್ತಿಲ್ಲ. ಊಟಕ್ಕೆ ಕೂರುವಾಗಲೂ ಕೈ ತಾನಾಗಿ ಮೇಲೇಳುತ್ತದೆ.

ಪ್ರೇತಲೋಕದಿಂದ,
ಎಮ್ಲಿನ್


೨೮ ಮೇ

ಎಮ್ಲಿನ್,

ಹಣೆ ತಟ್ಟಿಕೊಳ್ಳುವುದನ್ನು ನಿನಗೆ ಯಾರು ಹೇಳಿಕೊಟ್ಟರು? ನಾನು ಮಾಡಿದ್ದನ್ನು ನೀನು ಯಾವಾಗಲಾದರೂ ನೋಡಿದ್ದೀಯಾ? ನೆನಪು ಮಾಡಿಕೊಂಡು ನಿಜ ಬರೆ.

ಅಪ್ಪ


(ಅದೇ ಲಕೋಟೆಯಲ್ಲಿ, ಸಕ್ಕರೆ ಪೊಟ್ಟಣದ ಕಾಗದದ ಮೇಲೆ)

ಎಮ್ಲಿನ್, ಇದನ್ನ ನಿಮ್ಮಪ್ಪ ನೋಡಿಲ್ಲ. ಟಪಾಲಿಗೆ ಹಾಕು ಅಂತ ನನ್ ಕೈಗೆ ಕೊಟ್ಟಾಗ ಒಳಗೆ ತುರುಕಿದೆ. ನಿನ್ ಕಾಗದ ಓದಿದಾಗಿನಿಂದ ಅವನು ಹಾಸಿಗೇಲಿ ಮಲಗಿಲ್ಲ, ಕುರ್ಚೀಲೇ ಕೂತಿರ್ತಾನೆ. ನೀನು ತಮಾಷೆ ಮಾಡ್ತಿದ್ದೀಯಾ ಅಂತ ನಂಗೊತ್ತು. ನಿಂಗೆ ಗೊತ್ತಿಲ್ದೆ ಮಾಡ್ತಿದ್ದೀಯಾ ಅಂತಾನೂ ಗೊತ್ತು. ನಿಮ್ಮಮ್ಮ ನಿನ್ನ ಹೆತ್ತು ಹೋದಾಗ, ಹೇಳಬೇಡ ಅಂತ ಇವನು ನನ್ ಕೈಲಿ ಆಣೆ ಹಾಕಿಸ್ಕೊಂಡಿದ್ದ. ಇವತ್ತು ಮುರೀತೀನಿ, ದೇವರು ನನ್ನ ವಿಚಾರಿಸ್ಕೊಳ್ಳಲಿ. ಟ್ರೆಹಾರ್ನ್ ಅಮೆರಿಕಕ್ಕೂ ಹೋಗಿಲ್ಲ, ನೀರಿಗೂ ಹಾರಿಲ್ಲ. ನಮ್ಮನೆ ಒಲೆ ಪಕ್ಕ ಕೂತಿದಾನೆ.

ಒಲ್ವೆನ್ ಅತ್ತೆ


ಕಾರ್ಮಾರ್ದೆನ್
೨ ಜುಲೈ

ಅಪ್ಪಾ,

ಬಿರುದುಗಳನ್ನು ಹಾಕಿ ನಾಲ್ಕು ಸಲ ಶುರುಮಾಡಿದೆ, ನಾಲ್ಕು ಸಲ ಹರಿದೆ. ಇದು ಹೀಗೇ ಇರಲಿ.

ಅತ್ತೆಯ ಮೇಲೆ ಸಿಟ್ಟು ಮಾಡಬೇಡ. ಹೇಳಿಬಿಟ್ಟಳು.

ನೀನು ಕೇಳಿದ್ದಕ್ಕೆ ಉತ್ತರ: ನೋಡಿಲ್ಲ. ತಿಂಗಳೆಲ್ಲ ತಲೆ ಕೆರೆದುಕೊಂಡರೂ ನೀನು ಹಣೆ ತಟ್ಟಿಕೊಂಡ ಒಂದು ನೆನಪೂ ಸಿಗಲಿಲ್ಲ. ನಾನೇ ಹುಟ್ಟಿಸಿದೆ ಎಂದುಕೊಂಡಿದ್ದೆ. ಮುದುಕರು ಟೋಪಿ ತೆಗೆದದ್ದು ಪ್ರೋಸರನನ್ನು ಕಂಡಲ್ಲ. ನಿನ್ನನ್ನು ಕಂಡು. ಆ ಮಂಕುಬುದ್ಧಿಯವನೊಬ್ಬನೇ ಸರಿಯಾಗಿ ಗುರುತಿಸಿದ್ದ, ನಾನು ಅವನನ್ನು ಗೇಲಿ ಮಾಡಿದೆ.

ಈಗ ಕಣದೊಳಕ್ಕೆ ಇಳಿದರೆ ಅಲ್ಲಿ ಎದುರಾಳಿ, ನಾನು, ಜೊತೆಗೆ ಇನ್ನೊಬ್ಬ. ನಾನು ಯೋಚಿಸುವ ಮೊದಲೇ ಎಡಗೈ ಹೊರಟಿರುತ್ತದೆ. ಎಲ್ಲಿಗೆ ಹೋಗಬೇಕೆಂದು ಅದಕ್ಕೆ ಗೊತ್ತು, ನನಗೆ ಗೊತ್ತಿಲ್ಲ. ಕಳೆದ ಶನಿವಾರ ಲ್ಯಾಂಡವರಿಯ ಕುರಿಗಾಹಿಯೊಬ್ಬ ಅಟ್ಟಣಿಗೆ ಹತ್ತಿ ಬಂದ. ಒಳ್ಳೆಯ ಹುಡುಗ, "ನಿಧಾನಕ್ಕೆ ಹೊಡಿಯೋ, ನಾಳೆ ನನ್ ಮದುವೆ" ಎಂದು ಕಿವಿಯಲ್ಲಿ ಹೇಳಿದ್ದ. ನಾನೂ "ಹೆಂಡ್ತಿಗೆ ಗುರುತು ಸಿಗೋಷ್ಟು ಮುಖ ಬಿಟ್ಟಿರ್ತೀನಿ" ಅಂದೆ. ಎರಡನೇ ಸುತ್ತಿನಲ್ಲಿ ಎಡಗೈ ಹೋಯಿತು. ಅವನು ಕಡಿದ ಮರದ ಹಾಗೆ ಮಲಗಿದ. ಎಣಿಸುವವನು ಎಣಿಸಿದ. ನಾನು ಮೂಲೆಗೆ ಹೋಗಿ ನಿಲ್ಲಬೇಕಿತ್ತು, ಹೋಗಲಿಲ್ಲ. ಅಲ್ಲೇ ಮಂಡಿಯೂರಿ ಅವನ ಬಾಯಿಯ ಹತ್ತಿರ ಕಿವಿ ಇಟ್ಟೆ. ಜನ ನಕ್ಕರು, ಇದೂ ಪ್ರೇತದ ಆಟವೆಂದುಕೊಂಡು. ಅವನು ಕಣ್ಣು ಬಿಟ್ಟು, "ಚರ್ಚಿಗೆ ಬಂದ್ವಾ?" ಅಂದ. ನಾನು ಡೇರೆಯ ಹಿಂದೆ ಹೋಗಿ ಗ್ಲೌಸ್ ಬಿಚ್ಚಿಟ್ಟೆ.

ಆ ಹೊತ್ತಿನಲ್ಲಿ ನಿನ್ನನ್ನು ಮೊದಲ ಬಾರಿ ನೋಡಿದಂತಾಯಿತು. ನನ್ನವನು ಕಣ್ಣುಬಿಟ್ಟ. ಅಷ್ಟೇ ವ್ಯತ್ಯಾಸ.

ಮುಖಕ್ಕೆ ಹಿಟ್ಟು ಬಳಿಯುವುದನ್ನು ನಿಲ್ಲಿಸಿದ್ದೇನೆ. ಆದರೆ ಹೆಸರು ಬಿಟ್ಟಿಲ್ಲ, ಅದನ್ನೇ ಕೇಳಲು ಬರೆಯುತ್ತಿದ್ದೇನೆ. ಆಗಸ್ಟ್‌ನಲ್ಲಿ ಕ್ವಮ್ ಐರಿನ್. ಬಾಗಿಲು ತಟ್ಟದೆ ಹೋದರೆ ಕಾರ್ಡಿಫ್ ಇಲ್ಲ, ಪಂದ್ಯ ಇಲ್ಲ, ಮತ್ತೆ ಬೀದಿಮೂಲೆ. ತಟ್ಟಿದರೆ ಆಕೆ ಎಲ್ಲರಂತೆ ಮೊದಲು ಕೇಳುವುದು, "ಯಾರ ಮಗ ನೀನು?" ಎಂದು. ಸುಳ್ಳು ಹೇಳುವುದು ನನಗೆ ಕಷ್ಟವಲ್ಲ, ನಿನಗೇ ಗೊತ್ತು. ಸ್ವಾನ್ಸೀಯ ಮೀನು ಮಾರುವವನ ಮಗ ಎಂದು ಒಂದನ್ನು ತಯಾರು ಮಾಡಿಯೂ ಇಟ್ಟಿದ್ದೇನೆ.

ಏನು ಮಾಡಲಿ, ಹೇಳು. ಈ ಒಂದು ಸಲ ಗೂಡಿಗೆ ಎದ್ದು ಹೋಗಬೇಡ.

ಎಮ್ಲಿನ್


೧೧ ಜುಲೈ

ಎಮ್ಲಿನ್,

ಹೋಗಬೇಡ.

ಹೋದರೆ, ಆ ಮನೆಯಲ್ಲಿ ಸುಳ್ಳು ಹೇಳಬೇಡ. ಅಲ್ಲಿ ನಾನು ಎರಡು ವರ್ಷ ಊಟ ಮಾಡಿದ್ದೇನೆ.

ಅಪ್ಪ


ಕ್ವಮ್ ಐರಿನ್
೨೦ ಆಗಸ್ಟ್

ಅಪ್ಪಾ,

ಹೋದೆ.

ಶಾಸ್ತ್ರದ ಪ್ರಕಾರ ಟ್ರಾಂಟರಮ್ಮ ನನ್ನನ್ನು ಬೀದಿಯ ಕೊನೆವರೆಗೆ ಬಿಟ್ಟು ಅಲ್ಲೇ ನಿಂತರು. ಮಧ್ಯಾಹ್ನ, ಮೂರು ಗಂಟೆಯ ಹೊತ್ತು. ಇಡೀ ಬೀದಿ ಹೊಸ್ತಿಲ ಮೇಲೆ ಬಂದು ನಿಂತಿತ್ತು. ಬೆನ್ನ ಹಿಂದೆ ಒಂದು ಹೆಂಗಸು, "ನಡಿಗೆ ನೋಡ್ರೇ" ಎಂದು ಪಿಸುಗುಟ್ಟಿದಳು. ನಾನು ಎಷ್ಟು ಸಲ ಎಷ್ಟು ಜನರನ್ನು ಹೆದರಿಸಿ ನಕ್ಕಿದ್ದೇನೋ, ಅವರೆಲ್ಲರ ಹೆದರಿಕೆ ಒಟ್ಟಾಗಿ ಬಂದು ನನ್ನ ಹೆಗಲೇರಿ ಕೂತಿತ್ತು.

ಬಾಗಿಲು ತೆರೆಯಿತು. ಪ್ರೋಸರನ ತಾಯಿ ಮಾರ್ಗೆಡ್ ಅಜ್ಜಿ ಇಷ್ಟು ಚಿಕ್ಕವರೆಂದು ಎಣಿಸಿರಲಿಲ್ಲ. ನನ್ನ ಎದೆಯವರೆಗೂ ಬರುವುದಿಲ್ಲ. ಮುಖ ನೋಡುವ ಮೊದಲು ನನ್ನ ಕಾಲು ನೋಡಿದರು.

"ಯಾರ ಮಗ ನೀನು?"

ಮೀನು ಮಾರುವವನು ನಾಲಗೆಯ ತುದಿಗೆ ಬಂದು ಬುಟ್ಟಿ ಇಳಿಸಿದ್ದ. ಅವನನ್ನು ಹಾಗೇ ನುಂಗಿದೆ.

"ಇದ್ರಿಸ್ ಬೇನನ್ ಮಗ, ಅಜ್ಜಿ. ಹಲಗೆ ಮೇಲೆ ಟ್ರೆಹಾರ್ನ್ ಅಂತ ಬರೆದಿತ್ತು."

ಅವರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು. "ಗೊತ್ತು. ಕಿಟಕೀಲಿ ನೋಡ್ತಾ ಇದ್ದೆ. ಬಾಗಿಲು ತಟ್ಟೋಕ್ ಮುಂಚೆ ಹಣೆ ತಟ್ಕೊಂಡೆ. ಸುಳ್ಳು ಹೇಳಿದ್ರೆ ಮುಖದ್ ಮೇಲೆ ಬಾಗಿಲು ಹಾಕೋಣ ಅಂತ ಅಗುಳಿ ಕೈಲೇ ಹಿಡ್ಕೊಂಡಿದ್ದೆ."

ಹಣೆ ತಟ್ಟಿಕೊಂಡದ್ದು ನನಗೇ ತಿಳಿದಿರಲಿಲ್ಲ.

ಅಡುಗೆಮನೆಯಲ್ಲಿ ಕೂರಿಸಿದರು. ಕಾದ ಕಲ್ಲಿನ ಮೇಲೆ ಬೇಯಿಸಿದ ಒಣದ್ರಾಕ್ಷಿಯ ರೊಟ್ಟಿಬಿಲ್ಲೆ, ಕಡುಕಪ್ಪು ಚಹಾ. ಹಿಂದಿನ ಕಿಟಕಿಯಿಂದ ಹಿತ್ತಲು ಕಾಣುತ್ತದೆ. "ಇಬ್ರೂ ಅಲ್ಲೇ ಗುದ್ದಾಡ್ತಿದ್ರು" ಅಂದರು. "ನಾನು ಪಾತ್ರೆ ತೊಳೀತಾ ನೋಡ್ತಿದ್ದೆ. ಗ್ವಿಲಿಮ್ ಹಣೆ ತಟ್ಕೋತಿರ್ಲಿಲ್ಲ. ಶಿಳ್ಳೆ ಹಾಕ್ತಿದ್ದ. ತಟ್ಕೋತಿದ್ದೋನು ಇದ್ರಿಸ್. ಅವನ ಶಿಳ್ಳೆ ಕೇಳಿದ್ರೆ ಇವನಿಗೆ ರೇಗೋದು, 'ಬಾಯ್ ಮುಚ್ಚೋ, ನೀನೇನ್ ಹಾಲು ಮಾರೋಕ್ ಬಂದಿದ್ಯಾ' ಅಂತ ಬೈಯೋನು. ನೀನು ಊರೂರು ತಿರುಗಿ ನನ್ ಮಗನ ಹೆಸರಲ್ಲಿ ಇನ್ನೊಬ್ಬನ್ನ ತೋರಿಸ್ತಾ ಬಂದಿದ್ದೀಯ ಕಣಪ್ಪಾ."

ಬಟ್ಟೆಪಟ್ಟಿ ತಂದರು. ನನ್ನ ಬಲಗೈ ಹಿಡಿದು ಸುತ್ತತೊಡಗಿದರು. ಬೆರಳುಗಳ ಸಂದಿಯಲ್ಲಿ ಹಾಯಿಸಿ, ಮಣಿಕಟ್ಟಿಗೆ ಎರಡು ಸಲ ಬಿಗಿದು, ತಪ್ಪಿಲ್ಲದೆ. ನನ್ನ ಎದೆ ಉಬ್ಬಿತು, ಕಾರ್ಡಿಫ್ ಸಿಕ್ಕಿತು ಎಂದುಕೊಂಡೆ. ನಾಚಿಕೆಯಾಗುತ್ತದೆ, ಆದರೆ ಅಲ್ಲಿ ಕೂತು ನಾನು ಯೋಚಿಸಿದ್ದು ಅದನ್ನೇ.

ಆಗ ಅವರು ಕೈ ನಿಲ್ಲಿಸಿದರು.

"ಹೆಸರು ಕೊಡಲ್ಲ" ಅಂದರು.

ನಾನು ಸುತ್ತಿದ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳಹೋದೆ, ಅವರು ಬಿಡಲಿಲ್ಲ.

"ನಿನ್ ಮೇಲೆ ಕೋಪದಿಂದ ಅಲ್ಲ. ಇಷ್ಟ್ ವರ್ಷದಿಂದ ಎಲ್ರೂ ನನ್ ಮಗನ್ನ ಸತ್ತೋನು ಅಂತಲೇ ಇಟ್ಕೊಂಡಿದಾರೆ. ಹಲಗೆ ಮೇಲೆ ಬರೆದ್ರು, ಗೋರಿಗೆ ದೊಡ್ಡ ಕಲ್ಲು ನಿಲ್ಸಿದ್ರು. ಬಂದೋರೆಲ್ಲಾ ಟೋಪಿ ಕೈಲಿ ಹಿಡ್ಕೊಂಡು ನಿಲ್ತಾರೆ, ಚಹಾ ಕುಡೀತಾರೆ, ಹೋಗ್ತಾರೆ. ಅವತ್ತು ಅವನು ಹೇಗೆ ಆಡ್ದ ಅಂತ ಒಬ್ರೂ ಹೇಳ್ಲಿಲ್ಲ. ಹೆಂಗಸರನ್ನ ಆ ಹಾಲ್‌ಗೆ ಬಿಡ್ತಿರ್ಲಿಲ್ಲ. ಕೇಳಿದ್ರೆ 'ಬೇಡ ಬಿಡಿ ತಾಯೀ' ಅಂತಾರೆ. ಹನ್ನೆರಡು ಸುತ್ತು ನಿಂತಿದ್ನಲ್ಲಪ್ಪಾ ನನ್ ಮಗ? ಒಂದೇ ಏಟು ತಿನ್ನೋಕೆ ಹೋಗಿದ್ನಾ?"

ನಾನು ಅಲ್ಲಿರಲಿಲ್ಲ ಎಂದೆ.

"ನೀನಿರ್ಲಿಲ್ಲ. ಇದ್ದೋನೊಬ್ಬ ಇದಾನೆ. ಹಗ್ಗದ ಒಳಗೆ ನಿಂತು ನೋಡಿದೋನು ಅವನೊಬ್ಬನೇ. ಬರ್ತಾನೆ ಅಂತ ಕಾದೆ. ಮೊದ್ಲು ಕೊಲ್ಬೇಕು ಅಂತ ಕಾದೆ, ಅದನ್ನ ಯಾಕ್ ಮುಚ್ಚಿಡ್ಲಿ. ಆಮೇಲೆ ಬರೀ ಕಾದೆ. ಹೋಗಿ ನಿಮ್ಮಪ್ಪನ್ನ ಕಳಿಸು."

ಮತ್ತೆ ಪಟ್ಟಿ ಸುತ್ತತೊಡಗಿದರು. ಎಡಗೈಯನ್ನೂ ಮುಗಿಸಿ ಗಂಟು ಹಾಕಿದರು. "ಇದು ಬೇನನ್ ಕೈಗೆ. ಹೋಗು, ನಿನ್ನದೇ ಹೆಸರಲ್ಲಿ ಹೊಡಿ, ಇಲ್ಲಾ ಹೊಡಿಸ್ಕೊ."

ಬೀದಿಯ ಕೊನೆಯಲ್ಲಿ ಟ್ರಾಂಟರಮ್ಮ ನನ್ನ ಕೈ ನೋಡಿ ಮುಖವರಳಿಸಿದರು. ನಿಜ ಹೇಳಿದೆ. ಅವರು ಅಂದು ಸಂಜೆಯೇ ಅಟ್ಟಣಿಗೆ ಮೇಲಿನ ಹೆಸರನ್ನು ಅಳಿಸಿದರು. ಕರಾರುದಾರ ಬಂದು, "ಬೇನನ್ನಾ? ಅದ್ಯಾರಪ್ಪಾ ಬೇನನ್ನು? ಕೇಳಿದ್ರೆ ಕಾಗದ ಮಾರೋ ಅಂಗಡಿ ಇದ್ದಂಗಿದೆ" ಎಂದು ಹೋದ. ಟ್ರಾಂಟರಮ್ಮ ಗೋಗರೆದ ಮೇಲೆ ಕಾರ್ಡಿಫ್‌ನಲ್ಲಿ ದೊಡ್ಡ ಪಂದ್ಯಕ್ಕೆ ಮೊದಲು, ಜನ ಒಳಗೆ ಬಂದು ಕುರ್ಚಿ ಹುಡುಕಿಕೊಳ್ಳುವ ಹೊತ್ತಿಗೆ, ಆರು ಸುತ್ತಿನ ಒಂದು ಆಟ ಕೊಟ್ಟಿದ್ದಾನೆ.

ಅಪ್ಪಾ, ಈ ಕಾಗದದಲ್ಲಿ ತಮಾಷೆ ಹುಡುಕಬೇಡ. ಆ ಮುದುಕಿಗೆ ನಿನ್ನ ಕಣ್ಣೀರು ಬೇಡ. ಅದನ್ನು ತಂದುಕೊಡುವವರು ಊರ ತುಂಬ ಇದ್ದಾರೆ. ಅವರಿಗೆ ಬೇಕಾದದ್ದು ನಿನ್ನೊಬ್ಬನ ಹತ್ತಿರ ಇದೆ, ನೀನು ಅದನ್ನು ಪಾರಿವಾಳದ ಗೂಡಿನಲ್ಲಿ ಬಚ್ಚಿಟ್ಟು ಕೂತಿದ್ದೀಯ.

ಬಸ್ಸು ಕ್ವಮ್ ಐರಿನ್‌ನ ಗುಡ್ಡದ ಬುಡದವರೆಗೂ ಬರುತ್ತದೆ.

ಎಮ್ಲಿನ್


೧೦ ಅಕ್ಟೋಬರ್ ೧೯೩೪

ಕಾರ್ಡಿಫ್ ಮಹಾನಗರದಲ್ಲಿ ಖಾಲಿ ಕುರ್ಚಿಗಳ ಸಮ್ಮುಖದಲ್ಲಿ ಆರು ಸುತ್ತು ಕಾದಾಡಿ ಅಂಕಗಳಲ್ಲಿ ಸೋತ ವೀರಾಗ್ರೇಸರ ಎಮ್ಲಿನ್ ಬೇನನ್‌ಗೆ,

ಇಂಥದನ್ನು ಬರೆಯಲು ನನಗೂ ಬರುತ್ತದೆ. ಒಂದು ಕಾಲದಲ್ಲಿ ಗ್ವಿಲಿಮ್‌ಗೆ ಹೀಗೆ ಬರೆಯುತ್ತಿದ್ದೆ. ನಿಮ್ಮತ್ತೆ ಓದಿ ನಕ್ಕಳು, ಆಮೇಲೆ ಮುಖ ತಿರುಗಿಸಿ ಏಪ್ರನ್ನಿನಿಂದ ಒಲೆ ಒರೆಸಿದಳು.

ಪತ್ರಿಕೆಯಲ್ಲಿ ಎರಡು ಸಾಲು ಬಂದಿತ್ತು. ನಾಲ್ಕನೇ ಸುತ್ತಿನಲ್ಲಿ ನೀನು ಗೆಲ್ಲಬಹುದಿತ್ತು, ಎದುರಾಳಿ ತತ್ತರಿಸುತ್ತಿದ್ದಾಗ ಹಿಂದೆ ಸರಿದೆ ಎಂದು ಬರೆದಿದ್ದರು. ಯಾಕೆ ಸರಿದೆ ಎಂದು ಕೇಳುವುದಿಲ್ಲ. ಮುಂದಿನ ಸಲ ಸರಿಯುವಾಗ ಬಲಕ್ಕೆ ಸರಿ. ಎಡಕ್ಕೆ ಸರಿದರೆ ಅವನ ಬಲಗೈಗೆ ನೇರ ಸಿಗುತ್ತೀಯ.

ನಾನು ಹೋದೆ. ಸೆಪ್ಟೆಂಬರಿನ ಮೊದಲ ಗುರುವಾರ. ಗುಡ್ಡದ ಬುಡದಲ್ಲಿ ಇಳಿದು, ಅಲ್ಲೇ ಕಲ್ಲಿನ ಮೇಲೆ ಕೂತೆ. ಹಿಂದಕ್ಕೆ ಹೋಗುವ ಬಸ್ಸು ಬಂತು, ಹೋಯಿತು. ಇನ್ನೊಂದು ಬಂತು. ಅದರ ಚಾಲಕ, "ಏನ್ ಮಾಮಾ, ಹತ್ತೋದಾದ್ರೆ ಹತ್ತು, ಇಲ್ಲಾ ಬಾಡಿಗೆಗೆ ಮನೆ ಮಾಡು" ಅಂದ. ಆಮೇಲೆ ಎದ್ದು ಗುಡ್ಡ ಹತ್ತಿದೆ.

ಏನೇನೋ ಹೇಳಬೇಕೆಂದು ಜೋಡಿಸಿಕೊಂಡು ಹೋಗಿದ್ದೆ. ಅವರು ಬಾಯಿ ತೆರೆಯಲು ಬಿಡಲಿಲ್ಲ. "ದಪ್ಪಗಾಗಿದ್ದೀಯ" ಅಂದರು. ಮೇಜನ್ನು ಗೋಡೆಗೆ ತಳ್ಳು ಎಂದರು. ತಳ್ಳಿದೆ. ತಾವು ಕುರ್ಚಿಯಲ್ಲಿ ಕೂತು, "ಹ್ಞೂಂ, ಗಂಟೆ ಹೊಡೀತು" ಅಂದರು.

ಮೊದಲ ಸುತ್ತನ್ನು ಪತ್ರಿಕೆಯವರ ಹಾಗೆ ಒಣದಾಗಿ ಒಪ್ಪಿಸಿದೆ. ಎರಡನೆಯದನ್ನೂ ಹಾಗೆಯೇ. ಮೂರನೆಯದರಲ್ಲಿ ಅವನು ನನ್ನ ಕಾಲು ತುಳಿದು "ತಪ್ಪಾಯ್ತು ಕಣೋ" ಅಂದದ್ದು, ನನಗೆ ನಗು ಬಂದದ್ದು, ತೀರ್ಪುಗಾರ ಇಬ್ಬರಿಗೂ ಬೈದದ್ದು, ಎಲ್ಲ ನೆನಪಾಯಿತು. ಇಷ್ಟು ವರ್ಷ ಅದು ಎಲ್ಲಿತ್ತೋ. ಅಜ್ಜಿ ಜೋರಾಗಿ ನಕ್ಕರು. ಮಾತಿನಲ್ಲಿ ಆಗದೆ ಎದ್ದು ಮಾಡಿ ತೋರಿಸಿದೆ. ಅವನ ಎಡಗೈ ಹೇಗೆ ಬರುತ್ತಿತ್ತು, ನಾನು ಹೇಗೆ ಹುಡುಕುತ್ತಿದ್ದೆ, ಅವನು ಹೇಗೆ ಅಲ್ಲಿ ಇರುತ್ತಲೇ ಇರಲಿಲ್ಲ. ಅವನ ಜಾಗದಲ್ಲಿ ನಿಂತು ಆಡಿದಾಗ ಗೊತ್ತಾಯಿತು ಎಮ್ಲಿನ್, ಅವನು ಡ್ರಿಸ್ಕಾಲ್‌ನ ಪಕ್ಕದಲ್ಲಿ ನಿಲ್ಲಬೇಕಾದವನೇ. ಸತ್ತದ್ದರಿಂದ ಅಲ್ಲ. ಏಳನೆಯದರಲ್ಲಿ ನನ್ನ ಹುಬ್ಬು ಸೀಳಿದ. ಒಂಬತ್ತರಲ್ಲಿ ನಾನು ಹಗ್ಗ ಹಿಡಿದು ನಿಂತಿದ್ದೆ. ಹನ್ನೊಂದರಲ್ಲಿ ನನಗೆ ಅವನು ಕಾಣುತ್ತಲೇ ಇರಲಿಲ್ಲ, ಬರೀ ಶಿಳ್ಳೆ ಕೇಳುತ್ತಿತ್ತು. ಹೌದು, ರಿಂಗ್‌ನೊಳಗೂ ಶಿಳ್ಳೆ. ಅಜ್ಜಿಗೆ ಅದನ್ನು ಹೇಳಿದಾಗ ಅವರು ಕೈಯಿಂದ ಬಾಯಿ ಮುಚ್ಚಿಕೊಂಡರು. ಅವನು ಬಹಳ ಮುಂದಿದ್ದ. ಅಲ್ಲಿಗೆ ನಿಂತಿದ್ದರೆ ಗೆಲುವು ಅವನದು.

ಹನ್ನೆರಡನೆಯದಕ್ಕೆಂದು ಉಸಿರೆಳೆದುಕೊಂಡೆ. ಅವರು ಎದ್ದು ಒಲೆಯ ಮೇಲೆ ನೀರಿಟ್ಟರು. "ಇವತ್ತಿಗೆ ಸಾಕು. ಮುಂದಿನ ಗುರುವಾರ ಬಾ" ಅಂದರು.

ಆ ವಾರವೆಲ್ಲ ನಿದ್ದೆ ಬರಲಿಲ್ಲ. ಹೋಗಿ ಮೇಜು ಸರಿಸಿ, ಮುಖ ತೊಳೆದುಕೊಂಡು, "ಹನ್ನೆರಡನೇ ಸುತ್ತು" ಎಂದು ಶುರುಮಾಡಿದೆ.

"ಅಲ್ಲಿಂದ ಅಲ್ಲ, ಮೊದಲಿಂದ" ಅಂದರು.

ಮೊದಲಿನಿಂದ ಹೇಳಿದೆ. ಹನ್ನೊಂದಕ್ಕೆ ನೀರಿಟ್ಟರು. ಅದರ ಮುಂದಿನ ವಾರವೂ ಹಾಗೆಯೇ. ಒಮ್ಮೆ ನಾನು ಐದನೆಯ ಸುತ್ತಿನಲ್ಲಿ ಒಂದು ಏಟನ್ನು ಬಿಟ್ಟೆನೆಂದು ಅವರೇ ತಿದ್ದಿದರು. ಈಗ ಬೀದಿಯವರು ಬಂದು ಕಿಟಕಿಯ ಹೊರಗೆ ನಿಲ್ಲುತ್ತಾರೆ. ಯಾರೂ ಟೋಪಿ ತೆಗೆಯುವುದಿಲ್ಲ, ಹುರಿದುಂಬಿಸಿ ಕೂಗುತ್ತಾರೆ.

ಐದು ಗುರುವಾರ ಕಳೆಯಿತು. ಗ್ವಿಲಿಮ್ ಇನ್ನೂ ಸೋತಿಲ್ಲ. ನಾಳೆ ಮತ್ತೆ ಗುರುವಾರ.

ನಿನ್ನ ಅಪ್ಪ,
ಇದ್ರಿಸ್ ಬೇನನ್